ಚೌರಪ್ಪನ ಎಡಗಾಲು

“ಗುರುಗಳೇ, ಮನುಷ್ಯನ ಒಳಗು ಚೆಲುವಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?”

ಕೇಳಿದವನು ಸಿರಿಲ್. ಕ್ರೈಸ್ತ ಗುರುಮಠದಲ್ಲಿ ಯಾಜಕರಾಗಲು ಓದುತ್ತಿದ್ದವರಲ್ಲಿ ಅವನೇ ಚುರುಕು. ನಲವತ್ತು ದಿನಗಳ ಉಪವಾಸದ ತಪಸ್ಸುಕಾಲ ಶುರುವಾದ ದಿನದಿಂದ ಅವನು ತಲೆ ಬಾಚುವುದನ್ನು ಬಿಟ್ಟಿದ್ದ. ಕನ್ನಡಿಯನ್ನು ಅಡುಗೆಯವನಿಗೆ ಕೊಟ್ಟುಬಿಟ್ಟಿದ್ದ. ನಿಲುವಂಗಿ ಹರಿದಾಗ ಹೊಸದನ್ನು ಕೇಳದೆ ತೇಪೆ ಹಾಕಿಕೊಂಡಿದ್ದ. ಬಿಳಿ ನಿಲುವಂಗಿಗೆ ಕಂದು ಬಣ್ಣದ ತೇಪೆ. ಅದೂ ಎದೆಯ ಮೇಲೆ, ಎದುರಿಗೆ ಬಂದವರಿಗೆಲ್ಲ ಮೊದಲು ಕಾಣುವ ಜಾಗದಲ್ಲಿ.

ಮುದಿ ಗುರುಗಳು ಅಡುಗೆಮನೆಯ ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆಯೆತ್ತಿ ತೇಪೆಯನ್ನೊಮ್ಮೆ ನೋಡಿದರು.

“ಈಗ ಯಾಕೆ ಬಂತು ಈ ಪ್ರಶ್ನೆ?”

“ಹೊರಗಿನ ಅಲಂಕಾರವನ್ನೆಲ್ಲ ಬಿಟ್ಟಿದ್ದೇನೆ ಗುರುಗಳೇ. ಪಕ್ಕದ ಕೋಣೆಯ ಫೆಲಿಕ್ಸನನ್ನು ನೋಡಿ, ಇಸ್ತ್ರಿ ಇಲ್ಲದೆ ಬಾಗಿಲು ದಾಟುವುದಿಲ್ಲ. ನಾನು ಒಳಗಿನದನ್ನು ಮಾತ್ರ ನೋಡಿಕೊಳ್ಳುತ್ತಿದ್ದೇನೆ. ನಾಳೆ ನಿಮ್ಮ ಬಳಿ ಪಾಪನಿವೇದನೆಗೆ ಬರಬೇಕು. ಎಷ್ಟು ಹುಡುಕಿದರೂ ಹೇಳಲು ಒಂದು ಪಾಪವೂ ಸಿಗುತ್ತಿಲ್ಲ. ಒಳಗು ಚೆಲುವಾಗಿದೆ ಎನ್ನುವುದಕ್ಕೆ ಇದೇ ಗುರುತಿರಬಹುದೇ?”

ಗುರುಗಳಿಗೆ ನಗು ಬಂತು. ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಹುಣಸೆಹಣ್ಣಿನ ಅರ್ಧ ರಾಶಿಯನ್ನು ಸಿರಿಲ್‌ನ ಮುಂದಕ್ಕೆ ತಳ್ಳಿದರು.

“ಕೈ ಕಟ್ಟಿಕೊಂಡು ಕತೆ ಕೇಳಬಾರದು. ಇದನ್ನು ಬಿಡಿಸುತ್ತಿರು, ಹೇಳುತ್ತೇನೆ.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಚೌರಪ್ಪ ಎಂಬ ಚಪ್ಪಲಿ ವ್ಯಾಪಾರಿಯಿದ್ದ. ಕೆಟ್ಟವನಲ್ಲ. ಭಾನುವಾರದ ಪೂಜೆ ತಪ್ಪಿಸುವವನಲ್ಲ, ಮನೆಗೆ ಬಂದವರನ್ನು ಊಟ ಹಾಕದೆ ಕಳುಹಿಸುವವನಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು. ಅವನ ಬಲಗಾಲು.

ಆ ಬಲಗಾಲು ನಿಜಕ್ಕೂ ಚೆಂದವಾಗಿತ್ತು. ನುಣುಪಾದ ಹಿಮ್ಮಡಿ, ನೀಟಾಗಿ ಇಳಿದುಬಂದ ಬೆರಳುಗಳು, ತಿಳಿಗೆಂಪು ಉಗುರು. ಅಂಗಡಿಗೆ ಗಿರಾಕಿ ಬಂದರೆ ಚೌರಪ್ಪ ಹೊಸ ಚಪ್ಪಲಿಯನ್ನು ತನ್ನ ಬಲಗಾಲಿಗೇ ಹಾಕಿಕೊಂಡು ಮುಂದಕ್ಕೆ ಚಾಚುತ್ತಿದ್ದ. “ನೋಡಿ, ಹೀಗೆ ಕಾಣ್ತದೆ” ಎನ್ನುತ್ತಿದ್ದ. ಜನ ಮಾರುಹೋಗುತ್ತಿದ್ದರು. ಮನೆಗೆ ಹೋಗಿ ತಮ್ಮ ಕಾಲಿಗೆ ಹಾಕಿಕೊಂಡಾಗ ಹಾಗೇನೂ ಕಾಣುತ್ತಿರಲಿಲ್ಲ. ಅದು ತಮ್ಮ ಕಾಲಿನದೇ ತಪ್ಪು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಎಡಗಾಲನ್ನು ಮಾತ್ರ ಹೊರಗಿನವರು ಯಾರೂ ನೋಡಿರಲಿಲ್ಲ. ಅಂಗಡಿಯಲ್ಲಿ ಅದು ಗಾದಿಯ ಕೆಳಗೆ ಮಡಚಿಕೊಂಡಿರುತ್ತಿತ್ತು. ಬೀದಿಯಲ್ಲಿ ಬೂಟಿನೊಳಗೆ. ದೇವಾಲಯಕ್ಕೆ ಹೋದಾಗ ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದರೆ, ಚೌರಪ್ಪ ಬೂಟು ಬಿಟ್ಟು ಬಿಳಿಯ ಕಾಲುಚೀಲದಲ್ಲಿ ಹೋಗುತ್ತಿದ್ದ. ಸುಡುಬೇಸಿಗೆಯಲ್ಲೂ ಕಾಲುಚೀಲ. ದೊಡ್ಡ ವ್ಯಾಪಾರಿ, ಅವನ ಷೋಕಿ ಅವನಿಗೆ ಎಂದು ಊರು ಅಂದುಕೊಂಡಿತ್ತು.

ಆ ಊರಿನಲ್ಲಿ ಪವಿತ್ರ ಗುರುವಾರವೆಂದರೆ ಬಲು ದೊಡ್ಡ ದಿನ. ಪ್ರಭು ತನ್ನ ಹನ್ನೆರಡು ಮಂದಿ ಶಿಷ್ಯರಾದ ಪ್ರೇಷಿತರ ಕಾಲು ತೊಳೆದ ನೆನಪಿಗೆ, ಸಂಜೆಯ ಪೂಜೆಯಲ್ಲಿ ಗುರುಸ್ವಾಮಿ ಊರಿನ ಹನ್ನೆರಡು ಮಂದಿ ಗಂಡಸರ ಕಾಲು ತೊಳೆದು ಮುತ್ತಿಡಬೇಕು. ವಾಡಿಕೆಯಂತೆ ತೊಳೆಯುವುದು ಬಲಗಾಲು ಒಂದನ್ನೇ. ಹನ್ನೆರಡು ಮಂದಿ ಬಲಿಪೀಠದ ಮುಂದೆ ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರೆ. ಊರೆಲ್ಲ ಕತ್ತು ಉದ್ದ ಮಾಡಿ ನೋಡುತ್ತದೆ.

ಊರೆಲ್ಲ ನೋಡುವ ಕಾಲನ್ನು ಕೊಳೆಯಾಗಿ ಇಟ್ಟುಕೊಂಡು ಹೋಗುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಯಾವ ಕಾಲದಲ್ಲೋ ಯಾರೋ ಒಬ್ಬ ಮನೆಯಲ್ಲೇ ಕಾಲು ತೊಳೆದುಕೊಂಡು ಹೋದ. ಮುಂದಿನ ವರ್ಷ ಇನ್ನೊಬ್ಬ ಸೀಗೆಪುಡಿ ಹಾಕಿ ತಿಕ್ಕಿಕೊಂಡು ಹೋದ. ಅದರ ಮುಂದಿನ ವರ್ಷ ಮತ್ತೊಬ್ಬ ಗಂಧ ಹಚ್ಚಿಕೊಂಡ. ಬರಬರುತ್ತಾ ಅದು ಪಂದ್ಯವೇ ಆಗಿಹೋಯಿತು. ಆ ವಾರ ಕ್ಷೌರದಂಗಡಿಯಲ್ಲಿ ಗಡ್ಡ ಕೆರೆಸುವವರಿಗೆ ಜಾಗವಿರುತ್ತಿರಲಿಲ್ಲ, ಕಾಲು ಚಾಚಿದವರೇ ತುಂಬಿರುತ್ತಿದ್ದರು. ಪೂಜೆ ಮುಗಿದ ಮೇಲೆ ಹೆಂಗಸರು ಮನೆಯ ದಾರಿಯುದ್ದಕ್ಕೂ ಯಾರ ಕಾಲು ಹೇಗಿತ್ತು ಎಂದು ಮಾತಾಡುತ್ತಿದ್ದರು. ಪ್ರಭುವಿನ ಮಾತು ಯಾರ ಬಾಯಲ್ಲೂ ಇರುತ್ತಿರಲಿಲ್ಲ. ಗುರುಸ್ವಾಮಿಯ ಬೋಗುಣಿಯ ನೀರಂತೂ ಹನ್ನೆರಡು ಕಾಲು ತೊಳೆದ ಮೇಲೂ ಬಾವಿಯಿಂದ ಈಗ ಸೇದಿದಂತೆ ಇರುತ್ತಿತ್ತು.

ಬೆಂಚಿನ ಮೊದಲ ಜಾಗ ಪ್ರೇಷಿತರಲ್ಲಿ ಹಿರಿಯನಾದ ಸಂತ ರಾಯಪ್ಪನದು. ಅಲ್ಲಿ ವರ್ಷವೂ ಚೌರಪ್ಪನೇ ಕೂರುತ್ತಿದ್ದ. ಬಲಗಾಲಿನ ಕಾಲುಚೀಲವನ್ನು ಮಾತ್ರ ಬಿಚ್ಚುತ್ತಿದ್ದ. ಆ ಕಾಲಿನ ಮುಂದೆ ಪಂದ್ಯವೆಲ್ಲ ಎರಡನೆಯ ಜಾಗಕ್ಕೆ ಮಾತ್ರ.

ಇನ್ನು ಎಡಗಾಲಿನ ವಿಷಯ.

ಚೌರಪ್ಪನಿಗೆ ಇನ್ನಾಸಪ್ಪ ಎಂಬ ತಮ್ಮನಿದ್ದ. ಹಿಂದೆ ಇಬ್ಬರದೂ ಒಂದೇ ಅಂಗಡಿ. ತಮ್ಮ ಹಿಂದುಗಡೆ ಕುಳಿತು ಹೊಲಿಯುತ್ತಿದ್ದ, ಅಣ್ಣ ಮುಂದುಗಡೆ ಕುಳಿತು ಮಾರುತ್ತಿದ್ದ. ಒಂದು ಸಲ ಅಣ್ಣ ಪೇಟೆಯಿಂದ ಥಳಥಳ ಹೊಳೆಯುವ ಚಪ್ಪಲಿಗಳನ್ನು ತರಿಸಿದ. ತಮ್ಮ ಒಂದನ್ನು ಕೈಯಲ್ಲಿ ಬಗ್ಗಿಸಿ ನೋಡಿದ. ಅಟ್ಟೆಯ ಒಳಗೆ ತೊಗಲಿರಲಿಲ್ಲ, ರಟ್ಟಿತ್ತು. ಮೇಲೆ ತೆಳ್ಳಗೆ ತೊಗಲಿನ ಹೊದಿಕೆ, ಅಷ್ಟೆ. ಅವನು ಅದನ್ನು ಅಣ್ಣನಿಗೆ ಗುಟ್ಟಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಅಂಗಡಿ ತುಂಬ ಗಿರಾಕಿಗಳಿದ್ದಾಗ ಒಬ್ಬರ ಕೈಯಿಂದ ಚಪ್ಪಲಿ ಕಿತ್ತುಕೊಂಡು, “ಇದು ಬೇಡ ಸ್ವಾಮಿ, ನೋಡೋಕೆ ಮಾತ್ರ ಚೆನ್ನಾಗದೆ, ಒಳಗೆಲ್ಲ ರಟ್ಟು” ಎಂದುಬಿಟ್ಟ.

ಚೌರಪ್ಪನ ಮುಖ ಕೆಂಪಾಯಿತು. ಗಿರಾಕಿಗಳು ಹೋಗುವ ತನಕ ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ, “ನನ್ನ ಮಾನ ತೆಗೆದೆಯಲ್ಲೋ, ಹೋಗು ಆಚೆಗೆ” ಎಂದು ಕೂಗಿದ. ಬಾಗಿಲ ಬಳಿ ತಮ್ಮನ ಗೋಣಿಚೀಲವಿತ್ತು. ಅದರಲ್ಲಿ ತೊಗಲಿನ ಚೂರುಗಳಿವೆ ಎಂದುಕೊಂಡು ಎಡಗಾಲಿನಿಂದ ಬೀಸಿ ಒದ್ದ.

ಚೀಲದಲ್ಲಿ ಇದ್ದದ್ದು ತೊಗಲಿನ ಚೂರಲ್ಲ. ಚಪ್ಪಲಿಯನ್ನು ಕವುಚಿ ಹಾಕಿ ಮೊಳೆ ಹೊಡೆಯುವ ದಪ್ಪನೆಯ ಕಬ್ಬಿಣದ ಅಚ್ಚು.

ಚೌರಪ್ಪನ ಹೆಬ್ಬೆರಳು ಮುರಿಯಿತು. ಕಣ್ಣು ಕತ್ತಲೆ ಬಂತು. ಆದರೆ ತಮ್ಮ ಎದುರಿಗೇ ನಿಂತು ನೋಡುತ್ತಿದ್ದನಲ್ಲ! ಒದ್ದವನು ಅಯ್ಯೋ ಎನ್ನುವುದಕ್ಕಾಗುತ್ತದೆಯೇ? ಅವನು ಕಣ್ಣು ಮಿಟುಕಿಸದೆ ತಿರುಗಿ, ನೆಟ್ಟಗೆ ನಡೆದು ಒಳಮನೆಗೆ ಹೋದ. ಬಾಗಿಲು ಹಾಕಿಕೊಂಡ. ದಿಂಬು ಕಚ್ಚಿಕೊಂಡ. ಹೊರಗೆ ತಮ್ಮ ಚೀಲವನ್ನು ಹೆಗಲಿಗೇರಿಸಿ ಹೊರಟುಹೋದ.

ಅಂದಿನಿಂದ ಇನ್ನಾಸಪ್ಪ ದೇವಾಲಯದ ಗೇಟಿನ ಪಕ್ಕ ತಟ್ಟಿಯ ನೆರಳು ಕಟ್ಟಿಕೊಂಡು ಚಪ್ಪಲಿ ಹೊಲಿಯತೊಡಗಿದ. ಅಣ್ಣ ಪೂಜೆಗೆ ಹೋಗುವಾಗಲೆಲ್ಲ ಆ ಗೇಟನ್ನೇ ದಾಟಬೇಕು. ದಾಟುವಾಗ ಮುಖ ಆಕಡೆ ತಿರುಗಿಸಿಕೊಳ್ಳುತ್ತಿದ್ದ. ಕುಂಟುವುದು ಕಾಣದಂತೆ ಹೆಜ್ಜೆಯನ್ನು ಒತ್ತಿ ಒತ್ತಿ ಇಡುತ್ತಿದ್ದ. ನೋಡುವವರಿಗೆ ಅದು ಗತ್ತಿನಂತೆ ಕಾಣುತ್ತಿತ್ತು. ಹೆಬ್ಬೆರಳು ಸೊಟ್ಟಗೆ ಕೂಡಿಕೊಂಡಿತು. ಉಗುರು ಕಪ್ಪಾಗಿ ದಪ್ಪಗಾಯಿತು. ಅದಕ್ಕೆ ಎಣ್ಣೆ ಹಚ್ಚುವುದು ಹೆಂಡತಿ ಲೂರ್ದಮ್ಮನ ಪಾಲಿನ ಕೆಲಸವಾಯಿತು.

“ಎಣ್ಣೆ ಹಚ್ಚೀ ಹಚ್ಚೀ ನನ್ನ ಕೈ ಸವೀತು” ಎನ್ನುತ್ತಿದ್ದಳು ಆಕೆ. “ಗೇಟಿನ ಹತ್ರ ಹೋಗಿ ಒಂದು ಮಾತು ಆಡಿದ್ರೆ ವಾಸಿ ಆಗೋ ನೋವು ಇದು.”

“ಅವನೇ ಬರಲಿ” ಎನ್ನುತ್ತಿದ್ದ ಚೌರಪ್ಪ. ಬಂದರೆ ಸಾಕು ಎಂದು ಅವನ ಒಳಮನಸ್ಸು ಪ್ರತಿ ಭಾನುವಾರವೂ ಹಾರೈಸುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಮ್ಮನಿಲ್ಲದ ಅಂಗಡಿಯ ಹಿಂಭಾಗಕ್ಕೆ ಅವನು ಹೋಗುವುದನ್ನೇ ನಿಲ್ಲಿಸಿದ್ದ.

ಹೀಗಿರುವಾಗ ಆ ಊರಿಗೆ ಹೊಸ ಗುರುಸ್ವಾಮಿ ಬಂದರು. ವಯಸ್ಸಾದವರು, ಮಂಡಿನೋವಿನವರು, ನಗುಮುಖದವರು. ಪವಿತ್ರ ಗುರುವಾರಕ್ಕೆ ನಾಲ್ಕು ದಿನ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ ಕ್ಷೌರಕ್ಕೆಂದು ಹೋದರು. ಅಲ್ಲಿ ಸಾಲಾಗಿ ಬಲಗಾಲು ಚಾಚಿಕೊಂಡು ಕುಳಿತವರನ್ನು ಕಂಡರು. ಚೌರಪ್ಪನೂ ಅಲ್ಲೇ ಇದ್ದ.

“ಒಂದೇ ಕಾಲು ಯಾಕಪ್ಪಾ?” ಎಂದು ಸ್ವಾಮಿ ಕ್ಷೌರಿಕನನ್ನು ಕೇಳಿದರು.

“ಇನ್ನೊಂದನ್ನ ಯಾರು ನೋಡ್ತಾರೆ ಸ್ವಾಮಿ?” ಎಂದ ಅವನು.

ಸ್ವಾಮಿ ತಲೆ ಬಗ್ಗಿಸಿ ಕ್ಷೌರ ಮಾಡಿಸಿಕೊಂಡು, ತಮ್ಮಷ್ಟಕ್ಕೆ ನಗುತ್ತಾ ಹೋದರು. ಹೊಸಬರು, ಇಲ್ಲಿನ ರೀತಿ ಗೊತ್ತಿಲ್ಲ ಎಂದುಕೊಂಡ ಚೌರಪ್ಪ.

ಮರುದಿನ ಪೂಜೆಯಾದ ಮೇಲೆ ಸ್ವಾಮಿ ಚೌರಪ್ಪನನ್ನು ಅಂಗಳಕ್ಕೆ ಕರೆದರು. ಪಕ್ಕದಲ್ಲಿ ಉಪದೇಶಿ ನಿಂತಿದ್ದ. ಊರಿನ ಮಕ್ಕಳಿಗೆ ಜಪ ಕಲಿಸುವವನು ಅವನೇ, ಸ್ವಾಮಿಗೆ ಊರಿನ ಸುದ್ದಿ ಮುಟ್ಟಿಸುವವನೂ ಅವನೇ.

“ರಾಯಪ್ಪನ ಜಾಗ ಈ ಸಲವೂ ನಿಮ್ಮದೇ” ಎಂದರು ಸ್ವಾಮಿ. “ಆದರೆ ರಾಯಪ್ಪನಿಗೆ ಒಬ್ಬ ತಮ್ಮನಿದ್ದ, ಅಂದ್ರೆಯ ಅಂತ. ಅಣ್ಣತಮ್ಮಂದಿರಿಬ್ಬರೂ ಪ್ರಭುವಿನ ಜೊತೆಗೇ ಇದ್ದರು. ಹಾಗಾಗಿ ಎರಡನೇ ಜಾಗದಲ್ಲಿ ನಿಮ್ಮ ತಮ್ಮ ಕೂರಲಿ. ಇನ್ನಾಸಪ್ಪ ನಿಮ್ಮ ತಮ್ಮ ತಾನೇ?”

ಚೌರಪ್ಪ ಗೇಟಿನ ಕಡೆಗೆ ಬೆನ್ನು ತಿರುಗಿಸಿದ. “ನನಗೆ ತಮ್ಮ ಅಂತ ಯಾರೂ ಇಲ್ಲ ಸ್ವಾಮಿ” ಎಂದುಬಿಟ್ಟ.

ಅದೇ ಹೊತ್ತಿಗೆ ಉಪದೇಶಿಯ ಮನೆಯ ಹುಂಜ ಗೋಡೆಯ ಮೇಲೆ ಹತ್ತಿ ಕೊಕ್ಕೊಕ್ಕೋ ಎಂದು ಕೂಗಿತು.

ಹುಂಜಕ್ಕೆ ಹೊತ್ತುಗೊತ್ತು ಇರಲಿಲ್ಲ, ಅದು ದಿನವಿಡೀ ಕೂಗುವ ಹುಂಜ. ಆದರೂ ಪ್ರಭು ಯಾರೋ ಗೊತ್ತೇ ಇಲ್ಲ ಎಂದ ಸಂತ ರಾಯಪ್ಪನಿಗೆ ಕೋಳಿ ಕೂಗಿದ ಕತೆಯನ್ನು ಅರಿಯದವರು ಆ ಊರಿನಲ್ಲಿ ಯಾರಿದ್ದರು? ಉಪದೇಶಿ ಆಕಾಶ ನೋಡಿದ. ಸ್ವಾಮಿ ನೆಲ ನೋಡಿದರು. ಇಬ್ಬರ ಹೊಟ್ಟೆಯೂ ಕುಲುಕುತ್ತಿತ್ತು. ಚೌರಪ್ಪ ಬೆವರು ಒರೆಸಿಕೊಂಡ.

“ಕೂರಲಿ ಬಿಡಿ” ಎಂದು ಗೊಣಗಿ ಮನೆಯ ದಾರಿ ಹಿಡಿದ.

ಆ ವಾರವೆಲ್ಲ ಅವನಿಗೆ ಊಟ ರುಚಿಸಲಿಲ್ಲ. ಊರೆಲ್ಲ ನೋಡುತ್ತಿರುವಾಗ ತಮ್ಮನ ತೋಳಿಗೆ ತೋಳು ತಾಗಿಸಿಕೊಂಡು ಕೂರಬೇಕು. ಅವನು ಮುಖ ತಿರುಗಿಸಿದರೆ? ಎದ್ದುಹೋದರೆ? ಏನಾದರೂ ಆಗಲಿ, ಕಾಲಾದರೂ ಮಾನ ಉಳಿಸಲಿ ಎಂದು ಚೌರಪ್ಪ ಬಲಗಾಲನ್ನು ಹಾಲಿನಲ್ಲಿ ತೊಳೆದ, ಬಾದಾಮಿ ಎಣ್ಣೆ ತಿಕ್ಕಿದ, ಗಂಧ ಅರೆಸಿ ಹಚ್ಚಿದ. ಲೂರ್ದಮ್ಮ ನೋಡುವ ತನಕ ನೋಡಿದಳು.

“ಮದುವೆ ಯಾವಾಗ?” ಎಂದು ಕೇಳಿದಳು.

“ಯಾರ ಮದುವೆ?”

“ನಿಮ್ಮ ಕಾಲಿಂದು.”

ಗುರುವಾರ ಸಂಜೆ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೆರಡು ಮಂದಿ ಬೆಂಚಿನ ಮೇಲೆ ಕುಳಿತರು. ಇನ್ನಾಸಪ್ಪ ತಟ್ಟಿಯಿಂದ ನೇರವಾಗಿ ಎದ್ದು ಬಂದಿದ್ದ. ಅಂಗಿಯೇನೋ ಮಡಿಯಾಗಿತ್ತು, ಕಾಲಿಗೆ ತೊಗಲಿನ ಬಣ್ಣ ಹತ್ತಿತ್ತು. ಅಣ್ಣತಮ್ಮಂದಿರ ನಡುವೆ ಒಂದು ಗೇಣು ಜಾಗವಿತ್ತು. ಇಬ್ಬರೂ ಬಲಿಪೀಠವನ್ನೇ ನೋಡುತ್ತಿದ್ದರು. ಅಷ್ಟು ಭಕ್ತಿಯಿಂದ ಅವರು ಅದನ್ನು ಹಿಂದೆಂದೂ ನೋಡಿರಲಿಲ್ಲ.

ಸ್ವಾಮಿ ಮೇಲಿನ ಪೂಜಾವಸ್ತ್ರ ತೆಗೆದಿಟ್ಟು ಸೊಂಟಕ್ಕೆ ಬಿಳಿಯ ವಸ್ತ್ರ ಕಟ್ಟಿಕೊಂಡರು. ಉಪದೇಶಿ ಬೋಗುಣಿ ಹಿಡಿದ. ಸ್ವಾಮಿ ಒಂದು ಕೈ ನೆಲಕ್ಕೂರಿ, ನರಳುತ್ತಾ, ಚೌರಪ್ಪನ ಮುಂದೆ ಮಂಡಿಯೂರಿದರು.

ಚೌರಪ್ಪ ಬಲಗಾಲನ್ನು ಮೆಲ್ಲನೆ ಮುಂದಕ್ಕಿಟ್ಟ. ಗಂಧದ ಪರಿಮಳ ಮೂರು ಸಾಲಿನ ತನಕ ಹೋಯಿತು. ಹೆಂಗಸರ ಕಡೆಯಿಂದ ಮೆಚ್ಚುಗೆಯ ಪಿಸುಮಾತು ಕೇಳಿಸಿತು.

ಸ್ವಾಮಿ ಆ ಕಾಲನ್ನು ನೋಡಿದರು. “ಬಹಳ ಚೆಂದದ ಕಾಲು” ಎಂದರು. “ಇದಕ್ಕೆ ನಾನು ಮಾಡಬೇಕಾದ್ದು ಏನೂ ಉಳಿದಿಲ್ಲ. ಇನ್ನೊಂದು ಕೊಡಿ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಬೆಂಚಿನುದ್ದಕ್ಕೂ ಎಡಗಾಲುಗಳು ಸರಸರನೆ ಒಳಕ್ಕೆ ಸರಿದವು. ಕ್ಷೌರಿಕನೂ ಆ ಸಾಲಿನಲ್ಲಿದ್ದ. ಎಲ್ಲರಿಗಿಂತ ಮೊದಲು ಕಾಲೆಳೆದುಕೊಂಡವನು ಅವನೇ.

ಚೌರಪ್ಪ ಎಡಗಾಲನ್ನು ಬೆಂಚಿನ ಕೆಳಗೆ ಒತ್ತಿಕೊಂಡ. “ಬೇಡ ಸ್ವಾಮಿ” ಎಂದ. “ಬಲಗಾಲು ತಾನೇ ವಾಡಿಕೆ? ಇದೊಂದು ಮಾತ್ರ ಬೇಡ.”

“ಪ್ರಭು ಕಾಲು ತೊಳೆಯೋಕೆ ಬಂದಾಗ ರಾಯಪ್ಪನೂ ಮೊದಲು ಬೇಡ ಅಂದಿದ್ದ” ಎಂದರು ಸ್ವಾಮಿ ಮೆಲುದನಿಯಲ್ಲಿ. “ಸರಿಯಾದ ಜಾಗದಲ್ಲೇ ಕೂತಿದ್ದೀರಿ.”

“ಅದು ನೋಡೋ ಹಾಗಿಲ್ಲ ಸ್ವಾಮಿ.”

“ನಾನು ನೋಡೋಕೆ ಬಂದಿಲ್ಲವಪ್ಪಾ, ತೊಳೆಯೋಕೆ ಬಂದಿದ್ದೀನಿ. ಬೇಗ ಕೊಡಿ, ನನ್ನ ಮಂಡಿ ನೋಯ್ತಿದೆ.”

ಚೌರಪ್ಪ ಬಾಗಿಲ ಕಡೆ ನೋಡಿದ. ಎದ್ದು ಓಡಬೇಕೆನ್ನಿಸಿತು. ಆದರೆ ಎದುರಿಗೆ ಒಬ್ಬ ಮುದುಕರು ನೋವು ತಿಂದುಕೊಂಡು ನೆಲದ ಮೇಲೆ ಮಂಡಿಯೂರಿದ್ದರು. ಅವರನ್ನು ಹಾಗೇ ಬಿಟ್ಟು ಏಳುವಷ್ಟು ಕೆಟ್ಟವನಲ್ಲ ಅವನು. ಬಗ್ಗಿ, ಎಡಗಾಲಿನ ಕಾಲುಚೀಲವನ್ನು ಬಿಚ್ಚಿದ.

ಸೊಟ್ಟ ಬೆರಳು, ಕಪ್ಪು ಉಗುರು ಊರಿಗೆಲ್ಲ ಕಾಣಿಸಿತು. ಚೌರಪ್ಪ ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷ ಕಟ್ಟಿಕೊಂಡು ಬಂದ ಗತ್ತೆಲ್ಲ ಆ ಬೋಗುಣಿಯಲ್ಲಿ ಕರಗಿಹೋಯಿತು ಎಂದುಕೊಂಡ. ಕಾಲಿನ ಮೇಲೆ ನೀರು ಬಿತ್ತು. ಯಾವುದೋ ಒರಟು ಕೈ, ಹೆಂಡತಿಯದಲ್ಲದ ಕೈ, ಆ ಬೆರಳನ್ನು ಮುಟ್ಟಿತು. ನೋಯಿಸದಂತೆ ತೊಳೆಯಿತು. ಒರೆಸಿತು. ಆಮೇಲೆ ಸ್ವಾಮಿ ಬಗ್ಗಿ ಆ ಕಪ್ಪು ಉಗುರಿಗೆ ಮುತ್ತಿಟ್ಟರು.

ಬಲಗಾಲಿಗೆ ಅದೆಷ್ಟೋ ವರ್ಷ ಮುತ್ತು ಸಿಕ್ಕಿತ್ತು. ಅದು ಯಾವತ್ತೂ ಚೌರಪ್ಪನ ಎದೆಯ ತನಕ ಬಂದಿರಲಿಲ್ಲ. ಇದು ಬಂತು.

ಪಕ್ಕದಿಂದ ಒಂದು ದನಿ ಕೇಳಿಸಿತು. “ಅಣ್ಣಾ, ಇದು ಆವತ್ತಿಂದಾ?”

ಚೌರಪ್ಪ ಕಣ್ಣು ತೆರೆದ. ತಮ್ಮ ಮುಂದಕ್ಕೆ ಬಾಗಿ ಅವನ ಕಾಲನ್ನೇ ನೋಡುತ್ತಿದ್ದ. ಚೌರಪ್ಪ ತಲೆಯಾಡಿಸಿದ.

“ಆ ಚೀಲದಲ್ಲಿ ಕಬ್ಬಿಣದ ಅಚ್ಚಿತ್ತಲ್ಲಣ್ಣಾ!”

“ಈಗ ಹೇಳ್ತೀಯಾ?” ಎಂದ ಚೌರಪ್ಪ.

ಇನ್ನಾಸಪ್ಪ ತುಟಿ ಕಚ್ಚಿಕೊಂಡ. ತಡೆಯಲಾಗಲಿಲ್ಲ. ಪವಿತ್ರ ಗುರುವಾರ, ಬಲಿಪೀಠದ ಮುಂದೆ, ಸಂತ ಅಂದ್ರೆಯನ ಜಾಗದಲ್ಲಿ ಕುಳಿತುಕೊಂಡು ಕಿಸಕ್ಕನೆ ನಕ್ಕುಬಿಟ್ಟ. ಮುಂದಿನ ಸಾಲು ನಕ್ಕಿತು. ಹಿಂದಿನ ಸಾಲಿನವರು ಏನೆಂದು ಕೇಳಿ ತಿಳಿದುಕೊಂಡು ನಕ್ಕರು. ಸ್ವಾಮಿಯ ಭುಜ ಅಲುಗುತ್ತಿತ್ತು. ಕೊನೆಗೆ ಚೌರಪ್ಪನಿಗೂ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

“ನಾನು ಒದ್ದದ್ದು ಚೀಲಾನಲ್ಲ ಕಣೋ, ನಿನ್ನನ್ನ” ಎಂದ. “ತಪ್ಪಾಯ್ತು.”

“ಆವತ್ತು ನೀನು ಕಣ್ಣೂ ಮಿಟುಕಿಸದೆ ಒಳಗೆ ಹೋದೆ. ನನ್ನ ಓಡಿಸಿ ನಿಂಗೇನೂ ಅನ್ನಿಸಲಿಲ್ಲ ಅಂದ್ಕೊಂಡೆ.”

“ಒಳಗೆ ಹೋಗಿ ದಿಂಬು ಕಚ್ಕೊಂಡು ಅತ್ತಿದೀನಿ.”

“ಬೆರಳಿಗಾ, ನನಗಾ?”

“ಮೊದಲು ಬೆರಳಿಗೆ.”

“ಆಮೇಲೆ?”

ಚೌರಪ್ಪ ತಮ್ಮನ ಕೈಯನ್ನು ಹಿಡಿದುಕೊಂಡ. ನಡುವಿನ ಆ ಒಂದು ಗೇಣು ಜಾಗ ಯಾವಾಗ ಹೋಯಿತೋ ಯಾರೂ ನೋಡಲಿಲ್ಲ.

“ಮುಗೀತೇ ನಿಮ್ಮ ಮಾತು?” ಎಂದರು ಸ್ವಾಮಿ ನೆಲದ ಮೇಲಿಂದ. “ಇನ್ನೂ ಹನ್ನೊಂದು ಎಡಗಾಲಿದೆ ನನಗೆ.”

ಆ ಹನ್ನೊಂದರ ಕತೆ ಹೇಳಹೊರಟರೆ ಹೊತ್ತು ಮುಳುಗುತ್ತದೆ. ಒಂದರಲ್ಲಿ ಗದ್ದೆಯ ಕೆಸರಿತ್ತು. ಒಂದರಲ್ಲಿ ಹಳೆಯ ಹುಣ್ಣಿತ್ತು, ಅದನ್ನು ಮನೆಯವರೇ ನೋಡಿರಲಿಲ್ಲ. ಇಡೀ ಊರಿನ ಉಗುರು ಕತ್ತರಿಸಿದ ಕ್ಷೌರಿಕನ ಎಡಗಾಲಿನ ಉಗುರುಗಳನ್ನು ನೋಡಿ ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉಪದೇಶಿ ನೀರು ಬದಲಾಯಿಸಲು ಬಾವಿಗೂ ಬೆಂಚಿಗೂ ಓಡಾಡಿ ಸುಸ್ತಾದ. ಆ ಊರಿನವರಿಗೆ ನೆನಪಿರುವಂತೆ ಬೋಗುಣಿಯ ನೀರು ಕೊಳೆಯಾದದ್ದು ಅದೇ ಮೊದಲು. ಸ್ವಾಮಿ ಎದ್ದು ನಿಂತು ಆ ನೀರನ್ನು ನೋಡಿದರು. ಅವರ ಮುಖದಲ್ಲಿ ಬಲು ಸಂತೋಷವಿತ್ತು.

ಪೂಜೆ ಮುಗಿದು ಹೊರಗೆ ಬಂದ ಮೇಲೆ ಇನ್ನಾಸಪ್ಪ ಅಣ್ಣನನ್ನು ಗೇಟಿನ ಬಳಿ ನಿಲ್ಲಿಸಿದ. ತಲೆ ಕೆರೆದುಕೊಂಡ.

“ನಂದೂ ಒಂದಿದೆ ಅಣ್ಣಾ. ನಿನ್ನ ಅಂಗಡಿ ಚಪ್ಪಲಿ ಕಿತ್ತು ನನ್ನ ಹತ್ರ ಹೊಲಿಗೆಗೆ ಬಂದಾಗೆಲ್ಲ ಒಳಗಿನ ರಟ್ಟು ಎಳೆದು ತೆಗೆದು, ದಾರೀಲಿ ಹೋಗೋರಿಗೆಲ್ಲ ತೋರಿಸ್ತಿದ್ದೆ. ನಾನು ನಿಜ ಹೇಳೋನು ಅಂತ ಹೆಸರು ಬರಲಿ ಅಂತ.”

“ಎಷ್ಟು ಜನಕ್ಕೆ ತೋರಿಸಿದೆ?”

“ಊರಿಗೆಲ್ಲ.”

ಚೌರಪ್ಪ ಅವನ ಬೆನ್ನಿಗೊಂದು ಗುದ್ದಿದ. ಇಬ್ಬರೂ ನಗುತ್ತಾ ಮನೆಯ ಕಡೆ ನಡೆದರು. ಲೂರ್ದಮ್ಮ ಹಿಂದಿನಿಂದ ಬರುತ್ತಿದ್ದಳು. ಗಂಡ ಕುಂಟುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನು ಬೀದಿಯಲ್ಲಿ ಬಿಚ್ಚುಮನಸ್ಸಿನಿಂದ ಕುಂಟಿದ್ದನ್ನು ಆಕೆ ನೋಡಿದ್ದು ಅದೇ ಮೊದಲು.

ಮರುದಿನ ಶುಭ ಶುಕ್ರವಾರದ ಶಿಲುಬೆಯ ಹಾದಿಯ ಮೆರವಣಿಗೆಯಲ್ಲಿ ಚೌರಪ್ಪ ಎಲ್ಲರಂತೆ ಬರಿಗಾಲಲ್ಲಿ ನಡೆದ. ಭಾನುವಾರ, ಪ್ರಭು ಮರಳಿ ಎದ್ದುಬಂದ ಪಾಸ್ಕ ಹಬ್ಬದ ಬೆಳಗ್ಗೆ, ತಮ್ಮ ಒಂದು ಜೊತೆ ಚಪ್ಪಲಿ ತಂದು ಅವನ ಮುಂದಿಟ್ಟ. ಬಲಗಾಲಿನದು ಸಾಧಾರಣ ಚಪ್ಪಲಿ. ಎಡಗಾಲಿನದು ಮುಂದುಗಡೆ ಅಗಲ, ಸೊಟ್ಟ ಬೆರಳಿಗೆ ತಕ್ಕ ಹಾಗೆ. ನೋಡಲು ಅದೊಂದು ಅಂದಗೇಡಿ ಜೊತೆ. ಚೌರಪ್ಪ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ. ನೋವಾಗಲಿಲ್ಲ.

ಇನ್ನಾಸಪ್ಪ ಅಂಗಡಿಯ ಹಿಂಭಾಗಕ್ಕೆ ಮರಳಿದ. ರಟ್ಟಿನ ಚಪ್ಪಲಿಗಳು ಒಲೆಗೆ ಹೋದವು. ಆಮೇಲೆ ಗಿರಾಕಿಗಳು ಬಂದರೆ ಚೌರಪ್ಪ ಎಡಗಾಲನ್ನೇ ಮುಂದಕ್ಕೆ ಚಾಚುತ್ತಿದ್ದ. “ಕಾಲು ನೋಡಬೇಡಿ, ಅಟ್ಟೆ ನೋಡಿ. ಈ ಕಾಲಿಗೆ ಹಿತವಾದದ್ದು ನಿಮ್ಮ ಕಾಲಿಗೆ ಆಗೋದಿಲ್ವಾ?” ಎನ್ನುತ್ತಿದ್ದ. ಒಂದೆರಡು ತಿಂಗಳು ವ್ಯಾಪಾರ ಇಳಿಯಿತು. ಆಮೇಲೆ ಏರಿತು. ಇಳಿದಾಗಲೂ ಏರಿದಾಗಲೂ ಅವನು ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದ.

ಗುರುಗಳು ಕತೆ ನಿಲ್ಲಿಸಿದರು. ಹುಣಸೆಹಣ್ಣಿನ ರಾಶಿ ಮುಗಿದಿತ್ತು. ಸಿರಿಲ್ ಕತೆಯ ನಡುವೆ ಎರಡು ಸಲ ಗಟ್ಟಿಯಾಗಿ ನಕ್ಕಿದ್ದ. ಈಗ ಅವನ ಚುರುಕು ಬುದ್ಧಿ ಮತ್ತೆ ಕೆಲಸಕ್ಕೆ ಇಳಿಯಿತು.

“ಗುರುಗಳೇ, ಒಂದು ಸಂದೇಹ. ಮುಂದಿನ ವರ್ಷ ಹನ್ನೆರಡು ಮಂದಿಯೂ ಎಡಗಾಲನ್ನೇ ತಿಕ್ಕಿ ತೊಳೆದು, ಗಂಧ ಹಚ್ಚಿಕೊಂಡು ಬಂದಿರಬೇಕಲ್ಲ? ಅಥವಾ ಬೇಕೆಂದೇ ಕೊಳೆ ಮಾಡಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಮುಂದಿಟ್ಟಿರಬೇಕಲ್ಲ? ಆಗ ಸ್ವಾಮಿ ಯಾವ ಕಾಲು ಕೇಳಿದರು?”

ಗುರುಗಳು ಕೈಗೆ ಅಂಟಿದ ಹುಣಸೆಯನ್ನು ಒರೆಸಿಕೊಂಡರು. ಕೈ ಚಾಚಿ, ಶಿಷ್ಯನ ಎದೆಯ ಮೇಲಿನ ಕಂದು ತೇಪೆಯನ್ನು ಒಂದು ಬೆರಳಿನಿಂದ ಪ್ರೀತಿಯಿಂದ ತಟ್ಟಿದರು.

“ಇದನ್ನು ಇವತ್ತು ನೋಡಿಯಾಯಿತು ಮಗೂ, ನಾಳೆ ಪಾಪನಿವೇದನೆಗೆ ಬರುವಾಗ ಇನ್ನೊಂದು ಕಾಲು ತೆಗೆದುಕೊಂಡು ಬಾ.”

ಸಿರಿಲ್‌ನ ಕೈ ತಾನಾಗಿಯೇ ಎದೆಯ ತೇಪೆಯನ್ನು ಮುಚ್ಚಿಕೊಂಡಿತು.